ಉಬ್ಬಸದ ಕಾವಲು

ವಿಷಧೂಳು ಬೀಸುವ ಕಾಲ ಬಂದ ಮೇಲೆ ವಠಾರಕ್ಕೆ ಪದ್ಮಕ್ಕನ ಉಬ್ಬಸವೇ ಕಾವಲು. ಬೆಳಗ್ಗೆ ಎಲ್ಲರಿಗಿಂತ ಮೊದಲು ಅವಳು ಅಂಗಳಕ್ಕಿಳಿದು ಉಸಿರೆಳೆಯಬೇಕು. ಅವಳ ಎದೆ ಗೊರಗುಟ್ಟಿದರೆ ಯಾರೂ ಬಾಗಿಲು ತೆಗೆಯುವಂತಿಲ್ಲ.

ಕಳೆದ ವಾರ ಆಸ್ಪತ್ರೆಯವರು ಉಬ್ಬಸಕ್ಕೆ ಹೊಸ ಪ್ರತಿಕಾಯದ ಮದ್ದು ಪರೀಕ್ಷಿಸಲು ಅವಳಿಗೂ ಸೂಜಿ ಚುಚ್ಚಿದ್ದರು. ಅರ್ಧ ಜನರಿಗೆ ಮದ್ದು, ಅರ್ಧ ಜನರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದೆಂದು ಹೇಳುವುದಿಲ್ಲ.

"ನನಗೆ ನೀರೇ ಬಿಡಿ, ನನ್ನ ಹಣೆಬರಹ ಗೊತ್ತಿಲ್ವೇ?" ಎಂದು ಅವಳು ನಕ್ಕಿದ್ದಳು.

ಇಂದು ಉಸಿರು ಬೆಣ್ಣೆಯಿಂದ ಕೂದಲೆಳೆದಷ್ಟು ಸಲೀಸಾಗಿ ಬಂದುಹೋಯಿತು. ಕಣ್ಣು ಮುಚ್ಚಿ ಇನ್ನೊಮ್ಮೆ ಎಳೆದಳು. ಎಷ್ಟು ವರ್ಷವಾಗಿತ್ತು!

"ಪದ್ಮಕ್ಕನ ಹಾರ್ಮೋನಿಯಂ ಇವತ್ತು ಬಂದ್! ಬನ್ರೋ ಮಕ್ಕಳೇ, ಗಾಳಿ ಚೆನ್ನಾಗಿದೆ!" ಕಿಟಕಿಯ ಹಿಂದಿನಿಂದ ಪಕ್ಕದ ಮನೆಯ ಗೌರಿ ಕೂಗಿದಳು.

ಪದ್ಮಕ್ಕ ಕಣ್ಣು ತೆರೆದಳು. ತುಳಸಿಕಟ್ಟೆಯ ಬುಡದಲ್ಲಿ ಕಾಗೆಯೊಂದು ಸತ್ತುಬಿದ್ದಿತ್ತು. ಬೆನ್ನ ಹಿಂದೆ ಚಿಲಕಗಳು ಒಂದೊಂದಾಗಿ ಸರಿಯತೊಡಗಿದವು.