ಅಮ್ಮ ಹೊಲಿದ ನಂಬರ್

"ನಂಬರ್ ಬಿಚ್ಚಿ ಕೊಡಿ ಮೇಡಂ, ಓಟ ಬಿಟ್ಟೋರ ಲಿಸ್ಟಿಗೆ ಸೇರಿಸ್ತೀನಿ," ಎಂದು ದಾರಿಬದಿಯ ಮೇಜಿನ ಹಿಂದಿದ್ದ ಸ್ವಯಂಸೇವಕ ಕೈಚಾಚಿದ. ಅವಳ ಮೊದಲ ಎಂಬತ್ತು ಕಿಲೋಮೀಟರ್ ಓಟದಲ್ಲಿ ಐವತ್ತೆಂಟು ಮುಗಿದಿತ್ತು, ಮೈಯೆಲ್ಲ ಹಣ್ಣುಗಾಯಿ ನೀರುಗಾಯಿಯಾಗಿತ್ತು. ಕೂತರೆ ತೊಡೆ ಸೆಟೆಯುತ್ತಿತ್ತು, ನಿಂತರೆ ಅಂಗಾಲಿನ ಬೊಬ್ಬೆಗಳು ಉರಿಯುತ್ತಿದ್ದವು. ನಿಂತಲ್ಲೇ ಕಾಲು ಬದಲಿಸುತ್ತ, ಎದೆಯ ಮೇಲಿದ್ದ ನಂಬರಿನ ಬಟ್ಟೆಯನ್ನು ಹಿಡಿದೆಳೆದಳು. ಬರಲಿಲ್ಲ.

ಬರಬೇಕಿತ್ತು. ಪಿನ್ನು ಚುಚ್ಚುತ್ತದೆಂದು ನಿನ್ನೆ ಅದನ್ನು ಅಮ್ಮನ ಹೊಲಿಗೆ ಮೆಷಿನ್ ಮೇಲಿಟ್ಟು, "ಕಚ್ಚಾ ಹೊಲಿಗೆ ಸಾಕಮ್ಮ, ಎಳೆದ್ರೆ ಬಂದ್ಬಿಡಬೇಕು," ಎಂದಿದ್ದಳು. ಮಗಳ ಈ ಹುಚ್ಚನ್ನು ಕಂಡರಾಗದ ಅಮ್ಮ ತಲೆಯನ್ನೂ ಎತ್ತಿರಲಿಲ್ಲ. "ನಾಯಿ ಅಟ್ಟಿಸ್ಕೊಂಡು ಬಂದ್ರೂ ಯಾರೂ ಇಷ್ಟು ದೂರ ಓಡಲ್ಲ ಕಣೇ. ಅರ್ಧ ದಾರೀಲೇ ಸಾಕಪ್ಪಾ ಅಂತ ವಾಪಸ್ ಬರ್ತೀಯ, ನೋಡ್ತಿರು!"

ಇನ್ನೊಮ್ಮೆ ಜಗ್ಗಿದಳು. ಅಂಗಿಯೇ ಹರಿಯುವ ಹಾಗಾಯಿತೇ ಹೊರತು ನಂಬರ್ ಅಲುಗಲಿಲ್ಲ. ಸಿಟ್ಟಿನಿಂದ ಅಂಚನ್ನು ಮಗುಚಿ ನೋಡಿದಳು. ಕಚ್ಚಾ ಹೊಲಿಗೆಯೆಲ್ಲಿ ಬಂತು? ಜೋಡಿ ದಾರ, ಸುತ್ತಲೂ ಎರಡೆರಡು ಸಾಲು, ನಾಲ್ಕು ಮೂಲೆಗೂ ಗಂಟು. ಚಿಕ್ಕಂದಿನಲ್ಲಿ ಅವಳ ಶಾಲೆಯ ಚೀಲದ ಹೆಗಲಪಟ್ಟಿಗೆ ಅಮ್ಮ ಹಾಕುತ್ತಿದ್ದದ್ದು ಇದೇ ಹೊಲಿಗೆ. ಚೀಲ ಚಿಂದಿಯಾದರೂ ಪಟ್ಟಿ ಕಿತ್ತು ಬರುತ್ತಿರಲಿಲ್ಲ.

"ಅಯ್ಯೋ, ಯಾಕೆ ಒದ್ದಾಡ್ತೀರಿ? ತಗೊಳ್ಳಿ, ಕತ್ತರಿ," ಎಂದ ಅವನು.

ಕೈಗೆ ತೆಗೆದುಕೊಂಡ ಕತ್ತರಿಯನ್ನು ಅವಳು ಹಾಗೇ ಮೇಜಿನ ಮೇಲಿಟ್ಟಳು. "ಬೇಡ ಬಿಡಿ. ಹೊಲಿದೋರೇ ಬಿಚ್ಚಲಿ," ಎಂದು ಕುಂಟುತ್ತ ಮತ್ತೆ ಓಟದ ರಸ್ತೆಗಿಳಿದಳು.