ಚಂದ್ರನ ನೀರುಗಂಟಿ

ಚಂದ್ರನ ಮೇಲಿನ ಎಂಟು ಬಿಡಾರಗಳಿಗೆ ಇದ್ದದ್ದು ಒಂದೇ ಮಂಜುಗಡ್ಡೆಯ ಗುಂಡಿ. ದಿನಾ ಬೆಳಿಗ್ಗೆ ಅದರಿಂದ ಬಂದ ಗಡ್ಡೆಗಳನ್ನು ಹಂಚುವುದು ನೀರುಗಂಟಿಯ ಕೆಲಸ. ಅವನ ಕೈಯ ಕೋಲಿಗೆ ಎಲ್ಲರೂ ತಲೆಬಾಗುತ್ತಿದ್ದರು.

“ತಾತ, ಮಗೀಗೆ ಜ್ವರ. ಇವತ್ತು ಎರಡು ಗಡ್ಡೆ ಕೊಡು,” ಎಂದ, ಸಾಲಿನಲ್ಲಿ ನಿಂತಿದ್ದ ದೊಡ್ಡೀರ. ಅವನು ಅಲ್ಲಿಗೆ ಹೊಸಬ.

“ಬಿಡಾರಕ್ಕೊಂದೇ ಕಣಪ್ಪ. ಗುಂಡೀಲೇ ಕಮ್ಮಿ ಬರ್ತೈತೆ.”

“ನಿನ್ನ ಬಿಡಾರದಾಗೆ ಎಷ್ಟು ಬಚ್ಚಿಟ್ಟಿದ್ದೀಯೋ, ಮುದುಕಾ!”

ಮುದುಕ ಒಡೆದ ತುಟಿಯಲ್ಲೇ ನಕ್ಕ. ದೊಡ್ಡೀರನಿಗೆ ಮೈಯೆಲ್ಲ ಉರಿದುಹೋಯಿತು. ಅವನು ಬೀಸಿದ ಗುದ್ದಲಿಯ ಮೊದಲ ಏಟಿಗೆ ಮುದುಕನ ಭುಜ ಮುರಿಯಿತು, ಎರಡನೆಯದಕ್ಕೆ ತಲೆ ಬಿರಿಯಿತು. ರಕ್ತ ನೆಲದಲ್ಲೇ ಹೆಪ್ಪುಗಟ್ಟಿತು. ದೊಡ್ಡೀರ ಸತ್ತವನ ಮುಷ್ಟಿಯಿಂದ ಕೋಲನ್ನು ಕಿತ್ತು ಮೇಲೆತ್ತಿದ.

“ಇನ್ನು ಹಂಚೋನು ನಾನು! ಯಾವನಾದ್ರೂ ಬೇಡ ಅಂತೀರೇನ್ರೋ?”

ಮುದುಕನ ಮಗಳು ಅಪ್ಪನ ಒಣಗಿದ ಕ್ಯಾನನ್ನು ಎತ್ತಿಕೊಂಡು, ಸಾಲಿನಲ್ಲಿ ದೊಡ್ಡೀರ ಬಿಟ್ಟ ಜಾಗಕ್ಕೆ ಬಂದು ನಿಂತಳು. ಉಳಿದ ಆರು ಬಿಡಾರದವರು ಗುದ್ದಲಿಗಳನ್ನು ಹೆಗಲಿಗೇರಿಸಿದರು.

“ಹಂಚಣ್ಣ,” ಎಂದಳು ಅವಳು. “ಕೋಲು ಹಿಡಿದೋನ ಬಿಡಾರಕ್ಕೆ ಕೊನೇ ಪಾಲು. ನಾವು ನೀರು ಕಂಡು ಮೂರು ದಿನ ಆಯ್ತು.”

ಅಂದು ಗುಂಡಿಯಿಂದ ಮೇಲೆ ಬಂದಿದ್ದು ಏಳು ಗಡ್ಡೆ.