ಸಾಹೇಬರ ಅಪ್ಪಣೆ

"ಬಾಗಿಲು ಬಡೀಬೇಡಿ ರೀ. ಅವರಿಗೆ ಕೇಳ್ಸುತ್ತೆ."

ಚಿಲಕ ಹಾಕಿದ ರೂಮಿನೊಳಗಿಂದ ನಾಗಮಣಿ ಪಿಸುಗುಟ್ಟಿದಳು. ಗುಂಡಣ್ಣ ಕಿಟಕಿಗೆ ಓಡಿದ. ಹೆಂಡತಿ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಎದುರಿಗೆ ಸ್ಟೂಲಿನ ಮೇಲೆ ಫೋನು, ಅದರ ಬೆನ್ನು ಕಿಟಕಿಯ ಕಡೆಗೆ.

"ಯಾರೇ ಅದು?"

"ಪೊಲೀಸ್ ಸಾಹೇಬ್ರು. ನನ್ನ ಆಧಾರ್ ಇಟ್ಕೊಂಡು ಯಾರೋ ಮೋಸ ಮಾಡಿದ್ದಾರಂತೆ. ವಿಚಾರಣೆ ಮುಗಿಯೋವರೆಗೂ ಕ್ಯಾಮೆರಾ ಮುಂದಿಂದ ಏಳೋ ಹಾಗಿಲ್ವಂತೆ." ಫೋನಿನ ಕಡೆ ತಿರುಗಿ, "ಇಲ್ಲ ಸರ್, ಯಾರ ಹತ್ರಾನೂ ಮಾತಾಡಲ್ಲ ಸರ್," ಎಂದಳು.

ಗುಂಡಣ್ಣನಿಗೆ ತಕ್ಷಣ ಹೊಳೆಯಿತು. ಡಿಜಿಟಲ್ ಅರೆಸ್ಟ್. ಪೇಪರಿನಲ್ಲಿ ದಿನಾ ಓದುತ್ತಿದ್ದ, ಮೋಸಹೋದವರನ್ನು ಪೆದ್ದರು ಎಂದು ನಗುತ್ತಿದ್ದ. ಈಗ ಆ ಪೆದ್ದುತನ ಅವನ ಮನೆಗೇ ಬಂದು ಕೂತಿತ್ತು. ಅವರ ಕುರುಕುತಿಂಡಿ ಅಂಗಡಿ ಇರುವುದೇ ನಾಗಮಣಿಯ ಹೆಸರಿನಲ್ಲಿ. ಆರ್.ಟಿ. ನಗರದ ಮೇನ್ ರೋಡಿಗೆ ಅಂಗಡಿ ಬದಲಿಸಲು ಕೂಡಿಟ್ಟ ದುಡ್ಡೆಲ್ಲ ಅವಳ ಖಾತೆಯಲ್ಲಿ. ಅವಳು ಹೆದರಿ ಒಂದು ಸಲ ಬೆರಳು ಒತ್ತಿದರೆ ಎಲ್ಲ ನೀರುಪಾಲು.

ಎಷ್ಟು ಬಿಗಿಹಿಡಿದು ಕೂಡಿಟ್ಟ ದುಡ್ಡು! ಕರಿಯುವ ಕೆಲಸಕ್ಕೆ ಗಂಗಾದೇವಿಯನ್ನು ಇಟ್ಟುಕೊಳ್ಳೋಣ ಎಂದು ಹೆಂಡತಿ ಗೋಗರೆದರೂ ಅವನು ಜಪ್ಪಯ್ಯ ಅಂದಿರಲಿಲ್ಲ. ಅವಳ ಫೋನಿನ ಬ್ಯಾಟರಿ ಹೋಗಿದೆ ಎಂದು ಮೊಬೈಲ್ ಅಂಗಡಿಯ ವಹಾಬ್ ಹೇಳಿದಾಗಲೂ, "ವೈರ್ ಸಿಕ್ಕಿಸ್ಕೊಂಡೇ ಮಾತಾಡ್ಲಿ ಬಿಡು ಗುರು," ಎಂದಿದ್ದ.

ಆ ವಹಾಬನಿಗೇ ಈಗ ಫೋನ್ ಮಾಡಿದ.

"ಅಕ್ಕನಿಗೆ ಗಾಬರಿ ಮಾಡ್ಬೇಡಿ ಗುಂಡಣ್ಣ," ವಹಾಬ್ ಎಚ್ಚರಿಸಿದ. "ಹೆದರಿ ದುಡ್ಡು ಕಳಿಸ್ಬಿಡ್ತಾರೆ. ನಾನು ಯಶವಂತಪುರದಲ್ಲಿದ್ದೀನಿ, ಕೆಲಸ ಮುಗಿಸಿ ಬರ್ತೀನಿ. ಅಲ್ಲೀವರೆಗೂ ಅಕ್ಕ ಹೇಳಿದ್ದಕ್ಕೆಲ್ಲ ಹೂಂ ಅನ್ನಿ."

ಗುಂಡಣ್ಣ ಹೂಂ ಅಂದ. ಕಾಫಿಗೆ ಸಾಹೇಬರ ಅಪ್ಪಣೆಯಾಗಿದೆ ಎಂದಾಗ ಮಾಡಿಕೊಟ್ಟ. "ಯಲಹಂಕದ ಮದುವೆಮನೆಗೆ ನಾಳೆ ನಿಪ್ಪಟ್ಟು ಕೊಡ್ಬೇಕಲ್ಲೇ?" ಎಂದು ಕಿಟಕಿಯಲ್ಲಿ ಕೇಳಿದರೆ ನಾಗಮಣಿ ಫೋನಿಗೆ ಕೈಮುಗಿದು, "ಬಿಡ್ತಿಲ್ಲ ರೀ," ಎಂದಳು.

ಸರಿ, ಪಂಚೆ ಎತ್ತಿಕಟ್ಟಿ ಒಲೆಯ ಮುಂದೆ ನಿಂತ. ಗೋಡೆಯ ಪ್ಲಗ್ಗಿನಲ್ಲಿದ್ದ ಚಾರ್ಜರ್ ಕಿತ್ತೆಸೆದು ಮಿಕ್ಸಿ ಸಿಕ್ಕಿಸಿ ಹುರಿಗಡಲೆ ಪುಡಿ ಮಾಡಿದ. ಹಿಟ್ಟು ಕಲಸಿದ. ತಟ್ಟಿದ್ದು ಮುರಿಯಿತು, ಕರಿದದ್ದು ಸೀಯಿತು, ಎಣ್ಣೆ ಸಿಡಿದು ಮುಂಗೈ ಬೊಬ್ಬೆಯೆದ್ದಿತು, ಸೊಂಟ ಹಿಡಿದುಕೊಂಡಿತು. ಇದನ್ನು ದಿನಾ ಮಾಡ್ತಾಳಲ್ಲ ಇವಳು ಎಂದು ಮೊದಲ ಸಲ ಅನ್ನಿಸಿ ಕಣ್ಣು ತುಂಬಿತು. ದುಡ್ಡು ಹೋದರೆ ಹೋಗಲಿ, ಅವಳಿಗೇನೂ ಆಗದಿರಲಿ ಎಂದುಕೊಂಡ. ದುಡ್ಡಿನ ಮಾತನ್ನು ಮಾತ್ರ ತಕ್ಷಣ ವಾಪಸ್ ತೆಗೆದುಕೊಂಡ.

ಮಧ್ಯಾಹ್ನ ವಹಾಬ್ ಬಂದು ಚಪ್ಪಲಿ ಬಿಡುತ್ತಿರುವಾಗಲೇ ಚಿಲಕ ತೆಗೆದ ಸದ್ದಾಯಿತು.

"ಬಿಟ್ರು ರೀ ಸಾಹೇಬ್ರು," ಎನ್ನುತ್ತಾ ನಾಗಮಣಿ ಆಚೆ ಬಂದಳು. ಮುಖ ಕಳೆಕಳೆಯಾಗಿತ್ತು.

"ದುಡ್ಡು?"

"ಹಾಗೇ ಇದೆ. ನಾಳೆಯಿಂದ ಗಂಗಾದೇವಿ ಬರ್ಲಾ?"

"ಇವತ್ತೇ ಬರ್ಲಿ," ಎಂದು ಗುಂಡಣ್ಣ ಗೋಡೆಗೊರಗಿ ಕುಸಿದ.

ವಹಾಬ್ ಒಳಗಿನಿಂದ ಅವಳ ಫೋನ್ ತಂದು ಗುಂಡಿ ಒತ್ತಿದ, ಇನ್ನೊಮ್ಮೆ ಒತ್ತಿದ. "ಆಫ್ ಆಗಿದೆ. ವೈರ್ ಇಲ್ದೆ ಇದು ಐದು ನಿಮಿಷಾನೂ ಓಡಲ್ವಲ್ಲ ಅಕ್ಕಾ. ಚಾರ್ಜರ್ ಎಲ್ಲಿ?"

ಗುಂಡಣ್ಣ ಅಡುಗೆಮನೆಯತ್ತ ತಿರುಗಿದ. ಬೆಳಿಗ್ಗೆ ಅವನೇ ಎಸೆದಲ್ಲಿ, ಅಕ್ಕಿಹಿಟ್ಟು ಮೆತ್ತಿಕೊಂಡು ಅದು ಬಿದ್ದಿತ್ತು.

"ಆ ಕಳ್ಳ ಫೋನ್ ಮಾಡಿದ್ದೇನೋ ನಿಜ," ಎಂದಳು ನಾಗಮಣಿ, ಸೀದ ನಿಪ್ಪಟ್ಟೊಂದನ್ನು ಮುರಿದು ಬಾಯಿಗೆ ಹಾಕಿಕೊಳ್ಳುತ್ತಾ. "ಆಗ್ಲೇ ಬೈದು ಇಟ್ಬಿಟ್ಟೆ. ಬಾಗಿಲು ಹಾಕ್ಕೊಂಡು ಕೂತ್ಕೋ, ಎಲ್ಲೂ ಏಳ್ಬೇಡ ಅಂದ್ನಲ್ಲ, ಅದೊಂದು ಮಾತು ಮಾತ್ರ ಚೆನ್ನಾಗಿತ್ತು."